ಮಂಗಳೂರಿನಿಂದ ವಾಪಸ್ ಹೋದ ಸಂತ ಮರಿಯಮ್

ಹೋದ ತಿಂಗಳು ಈ ಅಂಕಣದಲ್ಲಿ ನಮ್ಮ ತಿಂಥಣಿಯ ಮೌನೇಶ್ವರರ ಬಗ್ಗೆ ಬರೆದಿದ್ದೆ. ಓದಿದ ಹಿರಿಯರೊಬ್ಬರು, "ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳುವ ಸಂತರ ಕಥೆ ಹೇಳಿದ್ರಿ, ಚಲೋ ಆತು. ಕ್ರೈಸ್ತ ಸಂತರ ಬಗ್ಗೆನೂ ಒಮ್ಮೆ ಬರೀರಿ" ಅಂದ್ರು. ಆಗಲಿ ಅಂದೆ. ಆದ್ರೆ ನಿಜ ಹೇಳಬೇಕಂದ್ರೆ ನನಗೆ ಆ ಕಡೆಯ ತಿಳಿವಳಿಕೆ ಕಡಿಮೆ. ಸುರಪುರದಲ್ಲಿ ಬೆಳೆದ ನಮಗೆ ಚರ್ಚ್ ಅಂದ್ರೆ ಯಾದಗಿರಿಯ ಮೆಥಡಿಸ್ಟರದ್ದು, ಇಲ್ಲಾ ಕೃಷ್ಣಾ ಹೊಳೆ ದಾಟಿ ಲಿಂಗಸುಗೂರು ಹಾದು ಹೋದ್ರೆ ಸಿಗುವ ಮುದಗಲ್‌ನದ್ದು. ಮುದಗಲ್ ಮೊಹರಂ ನೋಡಿ ಬಂದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದೇ ಊರಲ್ಲಿ ಬಿಜಾಪುರದ ಆದಿಲ್ ಶಾಹಿಗಳ ಕಾಲದಿಂದ ಕ್ಯಾಥೊಲಿಕರಿದ್ದಾರೆ ಅನ್ನೋದು ಮಾತ್ರ ಕೆಲವರಿಗಷ್ಟೇ ಗೊತ್ತು.

ಈ ಸಲ ಬರೆಯುತ್ತಿರುವ ಸಂತರು ನನಗೆ ಸಿಕ್ಕಿದ್ದು ಮುದಗಲ್‌ನಲ್ಲಿ ಅಲ್ಲ, ಮಂಗಳೂರಿನ ಒಂದು ಮದುವೆ ಮನೆಯಲ್ಲಿ.

ಹೋದ ವರ್ಷ ಸಹೋದ್ಯೋಗಿಯೊಬ್ಬನ ಮದುವೆಗೆ ಹೋಗಿದ್ದೆ. ಅವರದು ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆ. ಮದುವೆಯ ಹಿಂದಿನ ದಿನ 'ರೋಸ್' ಅಂತ ಶಾಸ್ತ್ರ. ನಮ್ಮಲ್ಲಿ ಮದುಮಗನಿಗೆ ಅರಿಷಿಣ ಹಚ್ಚುವ ಹಾಗೆ ಅವರಲ್ಲಿ ತೆಂಗಿನ ಹಾಲು ಹಚ್ಚುತ್ತಾರೆ. ಗದ್ದಲ ಮುಗಿದ ಮೇಲೆ ದೇವರ ಗೂಡಿನ ಹತ್ತಿರ ನಿಂತಿದ್ದೆ. ಏಸು, ಮರಿಯಮ್ಮನವರ ಪಕ್ಕದಲ್ಲಿ ಒಬ್ಬ ಕನ್ಯಾಸ್ತ್ರೀಯ ಸಣ್ಣ ಫೋಟೋ ಇತ್ತು. ದುಂಡು ಮುಖ, ದೊಡ್ಡ ಕಣ್ಣು. ಯುರೋಪಿನವರ ಹಾಗೆ ಕಾಣಲಿಲ್ಲ. ಯಾರು ಅಂತ ಗೆಳೆಯನ ತಾಯಿಯನ್ನು ಕೇಳಿದೆ.

"ಇವರು ಸಂತ ಮರಿಯಮ್. ಪ್ಯಾಲೆಸ್ತೀನಿನವರು. ಎರಡು ವರ್ಷ ನಮ್ಮ ಮಂಗಳೂರಲ್ಲೇ ಇದ್ದದ್ದು. ಮತ್ತೆ ಇಲ್ಲಿಂದ ವಾಪಸ್ ಕಳಿಸಿದ್ರು."

"ಯಾಕೆ ಆಂಟಿ?"

"ನಂಬಲಿಲ್ಲ ಮಗಾ" ಅಂದ್ರು ಅವರು, ಮೇಜಿನ ಮೇಲಿನ ತಟ್ಟೆ ಎತ್ತಿಕೊಂಡು ಒಳಗೆ ಹೋಗ್ತಾ.

ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೆ ಕಾರಣ ಇತ್ತು. ಆ ವರ್ಷ ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಒಂದು ರಿಲೀಸ್ ರಾತ್ರಿ ಸಿಸ್ಟಮ್ ಬಿದ್ದುಹೋಗಿತ್ತು. ತಪ್ಪು ನನ್ನ ಕೋಡಿನದಲ್ಲ ಅಂತ ಲಾಗ್ ತೋರಿಸಿ ಹೇಳಿದೆ. ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಪ್ರಾಜೆಕ್ಟಿನಿಂದ ತೆಗೆದರು. ಸಂಬಳಕ್ಕೆ ಏನೂ ಆಗಲಿಲ್ಲ, ಆದರೆ ಎಂಟು ತಿಂಗಳು ಅದೇ ಕೊರಗು. ಚಹಾ ಕುಡಿಯಲು ಕೂತರೂ ಅದೇ ಮಾತು, ಊರಿಗೆ ಹೋದರೂ ಅದೇ ಮಾತು. ಕೊನೆಗೆ ಗೆಳೆಯರೇ ನನ್ನ ಕಂಡರೆ ದಾರಿ ಬದಲಿಸುವ ಹಾಗಾಗಿತ್ತು. ಹಾಗಾಗಿ, ನಂಬದೇ ವಾಪಸ್ ಕಳಿಸಿದ ಹೆಣ್ಣುಮಗಳೊಬ್ಬಳು ಮುಂದೆ ಏನು ಮಾಡಿದಳು ಅಂತ ತಿಳಿದುಕೊಳ್ಳುವ ಆಸೆ ಹುಟ್ಟಿತು. ಓದುತ್ತಾ ಹೋದೆ.

ಹನ್ನೆರಡು ಗಂಡುಮಕ್ಕಳ ನಂತರ ಹುಟ್ಟಿದ ಹುಡುಗಿ

ಮರಿಯಮ್ ಬವಾರ್ದಿ ಹುಟ್ಟಿದ್ದು 1846ರ ಜನವರಿ 5ರಂದು, ಗಲಿಲೇಯ ಪ್ರಾಂತ್ಯದ ಇಬಿಲ್ಲೀನ್ ಅನ್ನುವ ಹಳ್ಳಿಯಲ್ಲಿ. ನಜರೇತ್ ಅಲ್ಲಿಗೆ ದೂರವಲ್ಲ. ಅವರದು ಅರಬ್ಬಿ ಮಾತಾಡುವ ಕ್ರೈಸ್ತ ಮನೆತನ. ಪೂರ್ವದ ಪದ್ಧತಿಯಲ್ಲಿ ಪೂಜೆ ಮಾಡುವ, ಆದರೆ ಪೋಪರನ್ನು ಒಪ್ಪುವ ಮೆಲ್ಕೈಟ್ ಪಂಥದವರು. ಮರಿಯಮ್‌ಗಿಂತ ಮೊದಲು ಹುಟ್ಟಿದ ಹನ್ನೆರಡು ಗಂಡುಮಕ್ಕಳೂ ಹಸುಗೂಸುಗಳಾಗಿದ್ದಾಗಲೇ ತೀರಿಕೊಂಡಿದ್ದರು. ತಂದೆ ತಾಯಿ ಬೆತ್ಲೆಹೇಮಿಗೆ ನಡೆದು ಹೋಗಿ ಹರಕೆ ಹೊತ್ತ ಮೇಲೆ ಹುಟ್ಟಿದ ಕೂಸು ಇದು. ಅದಕ್ಕೇ ಏಸುವಿನ ತಾಯಿಯ ಹೆಸರಿಟ್ಟರು. ನಂತರ ಬೌಲೋಸ್ ಅನ್ನುವ ತಮ್ಮ ಹುಟ್ಟಿದ. ಮರಿಯಮ್‌ಗೆ ಮೂರು ವರ್ಷ ತುಂಬುವ ಹೊತ್ತಿಗೆ ತಂದೆ, ತಾಯಿ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ಹೋಗಿಬಿಟ್ಟರು. ತಮ್ಮನನ್ನು ಒಬ್ಬ ಸಂಬಂಧಿಕರು, ಅಕ್ಕನನ್ನು ಚಿಕ್ಕಪ್ಪ ಸಾಕಿಕೊಂಡರು. ಚಿಕ್ಕಪ್ಪನ ಸಂಸಾರ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋಯಿತು. ಅಕ್ಕ ತಮ್ಮ ಅಗಲಿದರು.

ಹನ್ನೆರಡು ಹದಿಮೂರರ ವಯಸ್ಸಿಗೆ ಹುಡುಗಿಗೆ ಹೇಳದೇ ಕೇಳದೇ ಮದುವೆ ಗೊತ್ತು ಮಾಡಿದರು. ಆ ಕಾಲದಲ್ಲಿ ಅದು ಎಲ್ಲ ಕಡೆ ನಡೀತಿತ್ತು. ನಡೆಯದೇ ಇದ್ದದ್ದು ಅಂದ್ರೆ, ಆ ವಯಸ್ಸಿನ ಹುಡುಗಿ "ಒಲ್ಲೆ" ಅನ್ನೋದು. ಮರಿಯಮ್ ಒಲ್ಲೆ ಅಂದಳು. ತನ್ನ ಬದುಕು ದೇವರಿಗೆ ಮೀಸಲು ಅಂತ ಹೇಳಿ ತಲೆಗೂದಲು ಕತ್ತರಿಸಿಕೊಂಡಳು. ಚಿಕ್ಕಪ್ಪನಿಗೆ ಮರ್ಯಾದೆ ಹೋಯಿತು ಅನ್ನಿಸಿತು. ಹೊಡೆದು, ಮಗಳ ಹಾಗೆ ಬೆಳೆದವಳನ್ನು ಅಡುಗೆಮನೆಯ ಆಳುಗಳ ಜೊತೆ ಕೆಲಸಕ್ಕೆ ಹಚ್ಚಿದ.

ದುಃಖ ತಡೆಯಲಾರದೆ ತಮ್ಮನಿಗೆ ಒಂದು ಕಾಗದ ಬರೆಸಿ, ಪರಿಚಯದ ಸೇವಕನೊಬ್ಬನ ಕೈಯಲ್ಲಿ ಕಳಿಸಲು ಅವನ ಮನೆಗೆ ಹೋದಳು. ಅವನು ಮತ ಬದಲಿಸು ಅಂತ ಒತ್ತಾಯ ಮಾಡಿದ. ಆಕೆ ಅದಕ್ಕೂ ಒಲ್ಲೆ ಅಂದಾಗ ಸಿಟ್ಟಿನಲ್ಲಿ ಕುತ್ತಿಗೆ ಕೊಯ್ದು ಓಣಿಯಲ್ಲಿ ಬಿಸಾಡಿ ಹೋದ. ಇದು 1858ರ ಸೆಪ್ಟೆಂಬರ್ 7. ನಮ್ಮ ಸುರಪುರದ ರಾಜಾ ವೆಂಕಟಪ್ಪ ನಾಯಕರು ತೀರಿಕೊಂಡದ್ದೂ ಅದೇ 1858ರಲ್ಲಿ. ಕಾಲದ ಅಂದಾಜು ಸಿಗಲಿ ಅಂತ ಹೇಳಿದೆ.

ಹುಡುಗಿ ಸಾಯಲಿಲ್ಲ. ನೀಲಿ ಬಟ್ಟೆ ತೊಟ್ಟ ಒಬ್ಬ ಕನ್ಯಾಸ್ತ್ರೀ ತನ್ನನ್ನು ಒಂದು ಗವಿಗೆ ಕರೆದೊಯ್ದು, ಗಾಯ ಹೊಲಿದು, ಗಂಜಿ ಕುಡಿಸಿ ಬದುಕಿಸಿದಳು ಅಂತ ಆಕೆ ಮುಂದೆ ಹೇಳಿಕೊಂಡಿದ್ದಾಳೆ. ಅದು ಸಾಕ್ಷಾತ್ ಮರಿಯಮ್ಮನವರೇ ಅನ್ನೋದು ಆಕೆಯ ನಂಬಿಕೆ. ಗಾಯದ ಗುರುತು ಮಾತ್ರ ಬದುಕಿಡೀ ಕುತ್ತಿಗೆಯ ಮೇಲೆ ಉಳಿಯಿತು. ದನಿ ಗೊಗ್ಗರಾಯಿತು.

ಚಿಕ್ಕಪ್ಪನ ಮನೆಗೆ ಮತ್ತೆ ಹೋಗಲಿಲ್ಲ. ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಹೀಗೆ ಊರಿಂದ ಊರಿಗೆ ಮನೆಗೆಲಸ ಮಾಡುತ್ತಾ ಹೋದಳು. 1863ರಲ್ಲಿ ಕೆಲಸಕ್ಕಿದ್ದ ಮನೆಯವರ ಮೂಲಕ ಫ್ರಾನ್ಸಿನ ಮಾರ್ಸೇ ಪಟ್ಟಣ ಸೇರಿದಳು. 1865ರಲ್ಲಿ ಅಲ್ಲಿಯ ಸಂತ ಜೋಸೆಫರ ಸಹೋದರಿಯರ ಮಠಕ್ಕೆ ಸೇರಿದಳು. ಎರಡು ವರ್ಷ ಆದ ಮೇಲೆ, ಈಕೆ ನಮ್ಮ ಮಠಕ್ಕೆ ಹೊಂದುವವಳಲ್ಲ ಅಂತ ತೀರ್ಮಾನಿಸಿ ಬೇಡ ಅಂದುಬಿಟ್ಟರು.

ಕಾರ್ಮೆಲ್ ಸಭೆಯ ಅಡುಗೆಮನೆ

ಆಗ ಕೈ ಹಿಡಿದವರು ಅದೇ ಮಠದಲ್ಲಿ ಆಕೆಗೆ ಕಲಿಸುತ್ತಿದ್ದ ಮದರ್ ವೆರೋನಿಕಾ. ಇವರ ಹುಟ್ಟು ಹೆಸರು ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿ, ಆಮೇಲೆ ಕ್ಯಾಥೊಲಿಕ್ ಆದವರು. ಕಲ್ಲಿಕೋಟೆಯಲ್ಲಿ ಕೆಲಸ ಮಾಡಿ ನಮ್ಮ ಪಶ್ಚಿಮ ಕರಾವಳಿ ನೋಡಿದ್ದವರು. ಅಲ್ಲಿಯ ಹೆಣ್ಣುಮಕ್ಕಳಿಗೆ ಶಾಲೆ ಬೇಕು ಅನ್ನುವ ಹಂಬಲ ಅವರದು. ಅದಕ್ಕಾಗಿ ಕಾರ್ಮೆಲ್ ಸಭೆಯಲ್ಲಿ ತರಬೇತಿ ಪಡೆಯಲು ಫ್ರಾನ್ಸಿನ ಪೋ ಊರಿಗೆ ಹೊರಟಿದ್ದರು. 1867ರ ಜೂನ್‌ನಲ್ಲಿ ಮರಿಯಮ್‌ಳನ್ನೂ ಜೊತೆಗೆ ಕರೆದುಕೊಂಡು ಹೋದರು.

ಕಾರ್ಮೆಲ್ ಅಂದ್ರೆ ಏನು ಅಂತ ನನಗೂ ಗೊತ್ತಿರಲಿಲ್ಲ. ಅದು ಇಂದಿನ ಇಸ್ರೇಲಿನ ಹೈಫಾ ಊರಿನ ಹತ್ತಿರದ ಬೆಟ್ಟದ ಹೆಸರು. ಸುಮಾರು 800 ವರ್ಷಗಳ ಹಿಂದೆ ಆ ಬೆಟ್ಟದಲ್ಲಿ ತಪಸ್ಸಿಗೆ ಕೂತ ಸನ್ಯಾಸಿಗಳಿಂದ ಈ ಸಭೆ ಹುಟ್ಟಿತು. 16ನೇ ಶತಮಾನದಲ್ಲಿ ಸ್ಪೇನಿನ ಆವಿಲಾ ಊರಿನ ತೆರೇಸಾ ಇದನ್ನು ತಿದ್ದಿ, ಬಡತನ, ಮೌನ, ಪ್ರಾರ್ಥನೆಯ ಹಳೆಯ ಬಿಗಿಗೆ ಮತ್ತೆ ತಂದರು. ಈ ಸಭೆಯ ಕನ್ಯಾಸ್ತ್ರೀಯರು ಮಠದ ಗೋಡೆ ದಾಟಿ ಹೊರಗೆ ಬರುವುದಿಲ್ಲ. ಹೆಚ್ಚಿನ ಹೊತ್ತು ಮೌನ, ಉಳಿದ ಹೊತ್ತು ಕೈಕೆಲಸ. ದೇವರು ಪೂಜೆಯ ಜಾಗದಲ್ಲಷ್ಟೇ ಅಲ್ಲ, ಅಡುಗೆಮನೆಯ ಪಾತ್ರೆಗಳ ನಡುವೆಯೂ ಇದ್ದಾನೆ ಅನ್ನೋದು ತೆರೇಸಾ ಕಲಿಸಿದ ಪಾಠ. ಇದನ್ನು ಓದಿದಾಗ ನನಗೆ ನಮ್ಮ ಶರಣರ ಕಾಯಕ ನೆನಪಾಯಿತು. ಎರಡೂ ಒಂದೇ ಅನ್ನುತ್ತಿಲ್ಲ. ಕೆಲಸವನ್ನು ಕೀಳು ಮಾಡದ ಗುಣ ಎರಡರಲ್ಲೂ ಇದೆ ಅಂತಷ್ಟೇ ಹೇಳಿದೆ.

ಮರಿಯಮ್‌ಗೆ ಅಲ್ಲಿ 'ಯೇಸು ಕ್ರೂಶಿತರ ಮರಿಯಮ್' ಅನ್ನುವ ಅರ್ಥದ ಹೊಸ ಹೆಸರು ಬಂತು. ಆ ಕಾಲದ ಮಠಗಳಲ್ಲಿ ಎರಡು ಬಗೆಯ ಕನ್ಯಾಸ್ತ್ರೀಯರಿದ್ದರು. ಓದು ಬಲ್ಲವರು ದಿನಕ್ಕೆ ಹಲವು ಸಲ ಲ್ಯಾಟಿನ್ ಪ್ರಾರ್ಥನೆ ಹಾಡುವವರು. ಓದು ಬಾರದವರು ಅಡುಗೆ, ಬಟ್ಟೆ, ತೋಟ ನೋಡಿಕೊಳ್ಳುವವರು. ಮರಿಯಮ್‌ಗೆ ಅಕ್ಷರ ಬರುತ್ತಿರಲಿಲ್ಲ. ಫ್ರೆಂಚ್ ಕೂಡ ಹರುಕು ಮುರುಕು. ಕಲಿಸಲು ನೋಡಿದರು, ಆಗಲಿಲ್ಲ. ತಾನೇ ಕೇಳಿಕೊಂಡು ಎರಡನೆಯ ಗುಂಪಿಗೆ ಸೇರಿದಳು. ತನ್ನನ್ನು 'ಏನೂ ಅಲ್ಲದ ಪುಟ್ಟವಳು' ಅಂತಲೇ ಕರೆದುಕೊಳ್ಳುತ್ತಿದ್ದಳು. ಮಠದವರು ಪ್ರೀತಿಯಿಂದ 'ಪುಟ್ಟ ಅರಬಿ' ಅನ್ನುತ್ತಿದ್ದರು.

ಇದೇ ಹೊತ್ತಿಗೆ ಆಕೆಗೆ ಧ್ಯಾನದಲ್ಲಿ ಮೈಮರೆಯುವುದು, ಏಸುವಿನ ಶಿಲುಬೆಯ ಗಾಯಗಳಂಥ ಗಾಯ ಕೈಕಾಲುಗಳಲ್ಲಿ ಕಾಣಿಸಿಕೊಳ್ಳುವುದು ಶುರುವಾಗಿತ್ತು. ಇದರ ಬಗ್ಗೆ ನಾನು ಇಂಜಿನಿಯರಾಗಿ ಏನು ಹೇಳಲಿ? ನಂಬುವವರು ನಂಬಲಿ. ಒಂದು ಮಾತು ಮಾತ್ರ ಸ್ಪಷ್ಟ. ಇವನ್ನು ಆಕೆ ಹೆಮ್ಮೆಯ ಸಂಗತಿ ಅಂದುಕೊಳ್ಳಲಿಲ್ಲ. ಏನೋ ರೋಗ ಬಂದಿದೆ ಅಂತ ಹೆದರಿ ಮುಚ್ಚಿಡಲು ನೋಡಿದಳು.

ಮಂಗಳೂರಿನ ಎರಡು ವರ್ಷ

ಆಗ ಮಂಗಳೂರಿನ ಕ್ಯಾಥೊಲಿಕ್ ಜವಾಬ್ದಾರಿ ಕಾರ್ಮೆಲ್ ಸಭೆಯ ಪಾದ್ರಿಗಳ ಕೈಯಲ್ಲಿತ್ತು. ಬಿಷಪ್ ಮರೀ ಎಫ್ರೆಮ್ ಗ್ಯಾರೆಲೋನ್ ಅವರಿಗೆ ತಮ್ಮ ಊರಿನಲ್ಲಿ ಒಂದು ಕಾರ್ಮೆಲ್ ಕನ್ಯಾಮಠ ಬೇಕಿತ್ತು. 1870ರ ಆಗಸ್ಟ್ 21ರಂದು ಪೋ ಮಠದಿಂದ ಹೊರಟ ಗುಂಪಿನಲ್ಲಿ ಮರಿಯಮ್ ಇದ್ದಳು. ಹಿಂದೆ ಫ್ರಾನ್ಸಿನಲ್ಲಿ ಯುದ್ಧ ನಡೀತಿತ್ತು, ಮುಂದೆ ಕೆಂಪು ಸಮುದ್ರದ ಸುಡು ಸೆಖೆ ಕಾದಿತ್ತು. ಸೂಯೆಜ್ ಕಾಲುವೆ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಹೊರಟವರಲ್ಲಿ ಮೂವರು ಕನ್ಯಾಸ್ತ್ರೀಯರು ಮಂಗಳೂರು ಕಾಣದೇ ದಾರಿಯಲ್ಲೇ ತೀರಿಕೊಂಡರು. ಉಳಿದವರು ಬಂದು, ಫ್ರಾನ್ಸಿನಿಂದ ಮತ್ತೆ ಕೆಲವರು ಸೇರಿ, ಆ ವರ್ಷದ ಕೊನೆಗೆ ಮಠ ಶುರುವಾಯಿತು.

ಅದೇ 1870ರ ನವೆಂಬರ್‌ನಲ್ಲಿ ಮದರ್ ವೆರೋನಿಕಾ ಕಟ್ಟಿದ ಇನ್ನೊಂದು ಸಭೆಯ ಸಹೋದರಿಯರೂ ಮಂಗಳೂರಿಗೆ ಬಂದಿಳಿದರು. ಅದು ಅಪೋಸ್ತಲಿಕ್ ಕಾರ್ಮೆಲ್. ಇವರು ಗೋಡೆಯೊಳಗೆ ಇರುವವರಲ್ಲ, ಶಾಲೆ ನಡೆಸುವವರು. ಸೇಂಟ್ ಆ್ಯನ್ಸ್ ಕಾನ್ವೆಂಟಿನಿಂದ ಶುರುವಾಗಿ, 1921ರಲ್ಲಿ ಸೇಂಟ್ ಆ್ಯಗ್ನೆಸ್ ಕಾಲೇಜಿನವರೆಗೆ ಬೆಳೆದದ್ದು ಇವರ ಕೆಲಸವೇ. ಕರಾವಳಿಯ ಹೆಣ್ಣುಮಕ್ಕಳು ನಮ್ಮ ಕಡೆಯವರಿಗಿಂತ ಅಷ್ಟು ಮೊದಲೇ ಓದಿನಲ್ಲಿ ಮುಂದೆ ಹೋದದ್ದರ ಹಿಂದೆ ಇಂಥವರ ಬೆವರಿದೆ.

ಮರಿಯಮ್ ಮಾತ್ರ ಗೋಡೆಯೊಳಗೆ, ಅಡುಗೆಮನೆಯಲ್ಲಿ. ಪಾತ್ರೆ ತೊಳೆಯೋದು, ಬಟ್ಟೆ ಒಗೆಯೋದು, ಕಾಯಿಲೆಯವರ ಆರೈಕೆ. 1871ರ ನವೆಂಬರ್ 21ರಂದು ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೆಗೆದುಕೊಂಡಳು.

ಅಲ್ಲಿಂದ ಮುಂದೆ ಕಷ್ಟ ಶುರುವಾಯಿತು. ಮೈಮರೆಯುವುದು ಹೆಚ್ಚಾಯಿತು. ಅದು ದೇವರ ಕೆಲಸವೋ, ಸೈತಾನನ ಆಟವೋ, ಇಲ್ಲಾ ಈಕೆಯ ನಾಟಕವೋ ಅಂತ ಮಠದೊಳಗೇ ಎರಡು ಮಾತಾಯಿತು. ಮೊದಮೊದಲು ಬೆಂಬಲಕ್ಕೆ ನಿಂತಿದ್ದ ಬಿಷಪ್ಪರು, ಮಠದ ಹಿರಿಯರು ಕೂಡ ಕೊನೆಗೆ ಅನುಮಾನಪಟ್ಟರು. ಯೋಚಿಸಿ ನೋಡಿ. ಹುಟ್ಟಿದೂರು ಎಲ್ಲೋ, ಭಾಷೆ ಇನ್ನೆಲ್ಲೋ. ತನ್ನ ಪರವಾಗಿ ಒಂದು ಸಾಲು ಬರೆದುಕೊಡಲು ಅಕ್ಷರ ಬಾರದು. ತಂದೆ ತಾಯಿ ಇಲ್ಲ. ಇರುವ ಒಂದೇ ಮನೆ ಈ ಮಠ, ಆ ಮಠದವರೇ ನೀನು ಸುಳ್ಳುಗಾರ್ತಿ ಅಂದರೆ ಹೋಗುವುದೆಲ್ಲಿಗೆ?

1872ರಲ್ಲಿ ಆಕೆಯನ್ನು ಫ್ರಾನ್ಸಿಗೆ ವಾಪಸ್ ಕಳಿಸಿದರು. ಹಡಗು ಹತ್ತಿದಾಗ ಆಕೆಗೆ 26 ವರ್ಷ.

ಕೊಡ ಹೊತ್ತ ಕೈ

ನಾನು ಕಾಯುತ್ತಿದ್ದದ್ದು ಕಥೆಯ ಮುಂದಿನ ಭಾಗಕ್ಕೆ. ಆಕೆ ಪೋ ಮಠಕ್ಕೆ ಹೋಗಿ ಯಾರ ಮೇಲೆ ದೂರು ಹೇಳಿದಳು, ಹೇಗೆ ತನ್ನ ನ್ಯಾಯ ಗೆದ್ದಳು ಅಂತ. ಅಂಥದ್ದೇನೂ ಸಿಗಲಿಲ್ಲ. ಪೋ ಮಠದವರು ಬಾಗಿಲು ತೆರೆದರು. ಆಕೆ ಒಳಗೆ ಹೋಗಿ ಮತ್ತೆ ಅದೇ ಅಡುಗೆ, ಅದೇ ತೋಟ, ಅದೇ ಬಟ್ಟೆ ಒಗೆಯುವ ಕೆಲಸ ಹಿಡಿದಳು.

ಮೂರು ವರ್ಷದ ನಂತರ, 1875ರಲ್ಲಿ, ಏಸು ಹುಟ್ಟಿದ ಬೆತ್ಲೆಹೇಮಿನಲ್ಲಿ ಮಠ ಕಟ್ಟಲು ಹೊರಟ ಗುಂಪಿನ ಜೊತೆ ಹೋದಳು. ಈ ಮಠ ಆಗಬೇಕು ಅಂತ ಹಟ ಹಿಡಿದವಳೇ ಆಕೆ. ಬೆಟ್ಟದ ಮೇಲೆ ಕಟ್ಟಡ ಏಳತೊಡಗಿತು. ಗುಂಪಿನಲ್ಲಿ ಅರಬ್ಬಿ ಬಲ್ಲವಳು ಈಕೆಯೊಬ್ಬಳೇ ಆದ್ದರಿಂದ ಕೂಲಿಕಾರರ, ಗಾರೆಯವರ ಜೊತೆ ಮಾತಾಡಿ ಕೆಲಸ ಮಾಡಿಸುವ ಹೊಣೆ ಆಕೆಯ ಮೇಲೆ ಬಿತ್ತು. ಮಂಗಳೂರಿನಲ್ಲಿ ಆಕೆಯ ಬಾಯಿ ಕಟ್ಟಿಹಾಕಿದ್ದು ಭಾಷೆ. ಇಲ್ಲಿ ಅದೇ ಭಾಷೆಯಿಂದ ಒಂದು ಮಠ ಎದ್ದಿತು.

1878ರ ಆಗಸ್ಟ್. ಬಿಸಿಲಲ್ಲಿ ದುಡಿಯುತ್ತಿದ್ದ ಕೂಲಿಕಾರರಿಗೆ ಕುಡಿಯುವ ನೀರು ಒಯ್ಯುವಾಗ ಕಾಲು ಜಾರಿ ಬಿದ್ದಳು. ಕೈ ಮುರಿಯಿತು. ಗಾಯ ಕೊಳೆತು ಗ್ಯಾಂಗ್ರೀನ್ ಆಯಿತು. ಆಗಸ್ಟ್ 26ರಂದು ತೀರಿಕೊಂಡಳು. ವಯಸ್ಸು 32.

ಈ ಭಾಗ ಓದಿದ ದಿನ ನಾನು ಬೆಂಗಳೂರಿನ ನನ್ನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತಿದ್ದೆ. ಎದುರಿಗೆ ಹೊಸ ಅಪಾರ್ಟ್‌ಮೆಂಟ್ ಏಳುತ್ತಿದೆ. ಅಲ್ಲಿ ಇಟ್ಟಿಗೆ ಹೊರುವವರು ನಮ್ಮ ಕಡೆಯವರೇ. ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಗುಳೆ ಬಂದವರು. ಮಾತು ಕೇಳಿದ್ರೆ ಸಾಕು ಗೊತ್ತಾಗ್ತದೆ. ನಮ್ಮವ್ವನೂ ನಾನು ಸಣ್ಣವನಿದ್ದಾಗ ಎರಡು ಬೇಸಿಗೆ ಹೀಗೇ ಬಂದು ದುಡಿದು ಹೋಗಿದ್ದಾಳೆ. ಅವರಿಗೆ ಒಂದು ಕೊಡ ನೀರು ಒಯ್ದು ಕೊಟ್ಟವರು ಯಾರಾದರೂ ಇದ್ದರೋ ಇಲ್ಲವೋ ಅಂತ ಅವತ್ತು ಮೊದಲ ಸಲ ಯೋಚಿಸಿದೆ. ಎದುರಿಗೆ ಕಟ್ಟಡ ಶುರುವಾಗಿ ಆರು ತಿಂಗಳಾಗಿತ್ತು. ನಾನು ಒಮ್ಮೆಯೂ ಕೆಳಗಿಳಿದು ಹೋಗಿರಲಿಲ್ಲ.

ಸಂತರನ್ನು ಹೇಗೆ ಅಳೆಯುತ್ತಾರೆ?

ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಯಾರನ್ನಾದರೂ ಸಂತರು ಅಂತ ಘೋಷಿಸುವ ಮೊದಲು ದೊಡ್ಡ ತಪಾಸಣೆ ನಡೆಯುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಡೀ ಬದುಕಿನ ಕೋಡ್ ರಿವ್ಯೂ. ಮೊದಲು ದೇವರ ಸೇವಕರು, ನಂತರ ಪೂಜ್ಯರು, ಆಮೇಲೆ ಧನ್ಯರು, ಕೊನೆಗೆ ಸಂತರು, ಹೀಗೆ ಮೆಟ್ಟಿಲು. ಸಾಕ್ಷಿಗಳ ಹೇಳಿಕೆ, ಕಾಗದಪತ್ರ ಎಲ್ಲ ಜಾಲಾಡುತ್ತಾರೆ. ಸತ್ತ ಮೇಲೆ ಅವರ ಪ್ರಾರ್ಥನೆಯಿಂದ ಆದ ಪವಾಡಕ್ಕೂ ಪುರಾವೆ ಕೇಳುತ್ತಾರೆ. ಆದರೆ ಬದುಕಿದ್ದಾಗ ಕಂಡ ದರ್ಶನ, ಮೈಮೇಲಿನ ಗಾಯ, ಇವಕ್ಕೆ ಅಂಕ ಇಲ್ಲ. ಪೂಜ್ಯರು ಅನ್ನಿಸಿಕೊಳ್ಳಲು ನೋಡುವುದು ಸದ್ಗುಣಗಳನ್ನು. ವಿಶ್ವಾಸ, ಭರವಸೆ, ಪ್ರೀತಿ ಮೂರು. ವಿವೇಕ, ನ್ಯಾಯ, ಧೈರ್ಯ, ಮಿತ ನಾಲ್ಕು. ಈ ಏಳನ್ನು ಕಷ್ಟದ ಹೊತ್ತಲ್ಲೂ ಬಿಡದೆ, ಎಲ್ಲರಿಗೂ ಸಾಧ್ಯವಾಗದ ಮಟ್ಟದಲ್ಲಿ ಬಾಳಿದರೋ ಇಲ್ಲವೋ ಅನ್ನೋದು ಪ್ರಶ್ನೆ.

ಅಂದರೆ ಮಂಗಳೂರಿನಲ್ಲಿ ಯಾವುದರ ಬಗ್ಗೆ ಅಷ್ಟೊಂದು ಜಗಳ ನಡೆಯಿತೋ, ಅದು ಕೊನೆಯ ಲೆಕ್ಕಕ್ಕೆ ಮುಖ್ಯವೇ ಅಲ್ಲ. ಲೆಕ್ಕಕ್ಕೆ ಬಂದದ್ದು ಆ ಜಗಳದ ನಡುವೆ ಆಕೆ ಹೇಗೆ ಇದ್ದಳು ಅನ್ನೋದು. 1983ರ ನವೆಂಬರ್ 13ರಂದು ಪೋಪ್ ಎರಡನೇ ಜಾನ್ ಪಾಲ್ ಮರಿಯಮ್‌ಳನ್ನು ಧನ್ಯೆ ಅಂತ ಸಾರಿದರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಸಂತಳೆಂದು ಘೋಷಿಸಿದರು. ಅದೇ ದಿನ ಜೆರುಸಲೇಮಿನ ಮರೀ ಅಲ್ಫೋನ್ಸೀನ್ ಅನ್ನುವ ಇನ್ನೊಬ್ಬ ಅರಬ್ ಕನ್ಯಾಸ್ತ್ರೀಯೂ ಸಂತರಾದರು. ಅದಕ್ಕೆ ಆರು ತಿಂಗಳ ಹಿಂದಷ್ಟೇ, 2014ರ ನವೆಂಬರ್‌ನಲ್ಲಿ, ಕಾರ್ಮೆಲ್ ಪರಂಪರೆಯವರೇ ಆದ ಕೇರಳದ ಚಾವರ ಕುರಿಯಾಕೋಸ್ ಮತ್ತು ಯೂಫ್ರೇಸಿಯಾ ಅವರಿಗೂ ಆ ಗೌರವ ಸಿಕ್ಕಿತ್ತು. ಮಂಗಳೂರಿನಿಂದ ಹಡಗು ಹತ್ತಿಸಿದ 143 ವರ್ಷಗಳ ಮೇಲೆ ಮರಿಯಮ್‌ಳ ಫೋಟೋ ಮಂಗಳೂರಿನವರ ದೇವರ ಗೂಡಿಗೆ ಬಂತು.

ಒಲ್ಲೆ ಅಂದವಳೇ ಆಗಲಿ ಅಂದಳು

ಇಷ್ಟು ಓದಿದ ಮೇಲೂ ನನಗೊಂದು ತಕರಾರಿತ್ತು. ಹೇಳಿದ್ದು ಕೇಳಿಕೊಂಡು ಸುಮ್ಮನಿರು ಅನ್ನೋದನ್ನೇ ಗುಣ ಅಂತ ಕರೆದರೆ, ಅದರಿಂದ ಲಾಭ ಯಾರಿಗೆ? ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೇಳುವುದೂ ಇದನ್ನೇ ಅಲ್ಲವಾ? ತಗ್ಗಿ ಬಗ್ಗಿ ನಡಿ, ಎದುರು ಮಾತಾಡಬ್ಯಾಡ.

ಈ ತಕರಾರಿಗೆ ಉತ್ತರ ಮರಿಯಮ್‌ಳ ಬದುಕಿನಲ್ಲೇ ಇದೆ. 1872ರಲ್ಲಿ ಸುಮ್ಮನೆ ಹಡಗು ಹತ್ತಿದವಳು, 1858ರಲ್ಲಿ ಚಿಕ್ಕಪ್ಪನಿಗೆ ಒಲ್ಲೆ ಅಂದವಳೇ. ಕತ್ತಿ ಹಿಡಿದವನಿಗೂ ಒಲ್ಲೆ ಅಂದವಳೇ. ಹೆದರಿ ಸುಮ್ಮನಾಗುವ ಜಾತಿಯಲ್ಲ ಅದು. ತನ್ನ ಬದುಕು ಯಾವುದಕ್ಕೆ ಮೀಸಲೋ ಅದನ್ನೇ ಬಿಡು ಅಂದಾಗ ಜೀವ ಹೋದರೂ ಬಗ್ಗಲಿಲ್ಲ. ತನ್ನ ಹೆಸರಿಗೆ ಮಸಿ ಬಿದ್ದಾಗ ಮಾತ್ರ ಬಿಟ್ಟುಕೊಟ್ಟಳು. ನನಗೆ ಅನ್ನಿಸಿದ ಪ್ರಕಾರ ಆಕೆಯ ದೊಡ್ಡ ಗುಣ ಇದೇ, ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿದ್ದದ್ದು. ನಾವು ಬಹಳ ಜನ ಇದನ್ನು ತಿರುಗಾ ಮುರುಗಾ ಮಾಡುತ್ತೇವೆ. ಬಿಡಬಾರದ್ದನ್ನು ಬಿಟ್ಟುಕೊಡುತ್ತೇವೆ, ಹೆಸರಿಗಾಗಿ ಎಂಟು ತಿಂಗಳು ಹೊಡೆದಾಡುತ್ತೇವೆ.

ಇದು ನನಗೆ ಅರ್ಥ ಆದದ್ದು ಪುಸ್ತಕದಿಂದಲ್ಲ, ಅವ್ವನಿಂದ. ನಮ್ಮವ್ವನಿಗೂ ಓದು ಬರೋದಿಲ್ಲ. ಹದಿನಾಲ್ಕಕ್ಕೆ ಮದುವೆಯಾಗಿ ಬಂದವಳು. ಅತ್ತೆ ಮನೆಯಲ್ಲಿ ರೊಟ್ಟಿ ಸುಟ್ಟಿತು ಅಂದ್ರೂ ಕೇಳಿಕೊಂಡಳು, ಬಂಗಾರ ಕಳೆದಾಗ ಕಳ್ಳಿ ಅಂದ್ರೂ ಕೇಳಿಕೊಂಡಳು. ಆ ಬಂಗಾರ ಮುಂದೆ ಕಣಜದಲ್ಲಿ ಸಿಕ್ಕಿತು. ಯಾರೂ ತಪ್ಪಾಯಿತು ಅನ್ನಲಿಲ್ಲ, ಅವಳೂ ಕೇಳಲಿಲ್ಲ. ಅಂಥ ಅವ್ವ, 2015ರಲ್ಲಿ ನನ್ನ ತಂಗಿ ಎಸ್ಸೆಸ್ಸೆಲ್ಸಿ ಬರೆದು ಕೂತಿದ್ದಾಗ, ಸೋದರತ್ತೆಯ ಮಗನಿಗೆ ಕೊಡೋಣ ಅಂತ ಮನೆಯ ಗಂಡಸರೆಲ್ಲ ಮಾತು ಮುಗಿಸಿದ ಮೇಲೆ, ಅಡುಗೆಮನೆಯಿಂದ ಹೊರಗೆ ಬಂದು ಒಂದೇ ಮಾತು ಹೇಳಿದಳು: "ನನ್ನ ಮಗಳನ್ನ ಕೊಡಂಗಿಲ್ಲ. ಆಕಿ ಓದ್ತಾಳ." ಅಪ್ಪ ಒಂದು ತಿಂಗಳು ಅವಳ ಜೊತೆ ಮಾತಾಡಲಿಲ್ಲ. ಅತ್ತೆ ಇವತ್ತಿಗೂ ನಮ್ಮ ಮನೆಗೆ ಬರೋದಿಲ್ಲ. ಹದಿನೆಂಟು ತುಂಬದೇ ಮದುವೆ ಮಾಡೋದು ಅಪರಾಧ ಅಂತ ಕಾನೂನು ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಅವ್ವನಿಗೆ ಅವತ್ತು ಅದ್ಯಾವುದೂ ಗೊತ್ತಿರಲಿಲ್ಲ. ತಂಗಿ ಈಗ ಕಲಬುರಗಿಯಲ್ಲಿ ನರ್ಸ್.

ಆ ಮೇ ತಿಂಗಳಲ್ಲಿ ರೋಮ್‌ನಲ್ಲಿ ಮರಿಯಮ್‌ಳನ್ನು ಸಂತಳೆಂದು ಕರೆದ ಸುದ್ದಿ ನಮಗೆ ಯಾರಿಗೂ ಗೊತ್ತಿರಲಿಲ್ಲ. ಎರಡಕ್ಕೂ ಸಂಬಂಧ ಇಲ್ಲ, ನಿಜ. ಆದ್ರೂ ಈಗ ಎರಡನ್ನೂ ಒಟ್ಟಿಗೆ ನೆನೆಯದೆ ಇರಲು ನನಗೆ ಆಗುವುದಿಲ್ಲ.

ಮೊನ್ನೆ ಫೋನಿನಲ್ಲಿ ಅವ್ವನಿಗೆ ಮರಿಯಮ್‌ಳ ಕಥೆ ಪೂರ್ತಿ ಹೇಳಿದೆ. ಕುತ್ತಿಗೆ ಕೊಯ್ದದ್ದು ಕೇಳಿ "ಅಯ್ಯ ಶಿವನೇ" ಅಂದಳು. ವಾಪಸ್ ಕಳಿಸಿದ್ದು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಮತ್ತ ಆಕಿ ಏನ್ ಮಾಡಿದ್ಳೋ ಯಪ್ಪಾ?"

"ಏನೂ ಇಲ್ಲವ್ವಾ. ಹೋಗಿ ಮತ್ತ ಅದೇ ಅಡಿಗಿ ಕೆಲಸ ಮಾಡಿದ್ಳು."

"ಮತ್ತೇನ್ ಮಾಡಬೇಕು? ಒಲಿ ಮುಂದ ಕುಂತಾಕಿಗೆ ಉಣ್ಣೋರ ಚಿಂತಿ ಇರ್ತದ. ಅಂದೋರ ಚಿಂತಿ ಮಾಡ್ಕೋತ ಕುಂತ್ರ ರೊಟ್ಟಿ ಮಾಡೋರು ಯಾರು?" ಅಂದಳು. ಆಮೇಲೆ, "ನಿನ್ನ ಆಫೀಸಿಂದು ಅದೇನೋ ಇತ್ತಲಾ, ಅದು ಮುಗೀತೇನು?" ಅಂತ ಕೇಳಿದಳು.

ಮುಗೀತು ಅಂದೆ. ಪೂರ್ತಿ ನಿಜ ಅಲ್ಲ. ಆದರೆ ಆ ರಾತ್ರಿಯ ಲಾಗುಗಳನ್ನು ಸಾಕ್ಷಿಗೆ ಅಂತ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಟುಕೊಂಡಿದ್ದೆ. ನಡೆದದ್ದನ್ನು ಒಂದು ಪುಟದಲ್ಲಿ ಸರಿಯಾಗಿ ಬರೆದು ಮೇಲಿನವರಿಗೆ ಕಳಿಸಿದೆ. ಸತ್ಯ ಹೇಳುವುದನ್ನು ಬಿಡಬಾರದು, ಅದನ್ನು ಒಮ್ಮೆ ಹೇಳಿದರೆ ಸಾಕು. ಫೋಲ್ಡರನ್ನು ಅಳಿಸಿದೆ. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೂ ನಡೀತದೆ.

ಎದುರಿನ ಕಟ್ಟಡಕ್ಕೆ ಈಗ ಭಾನುವಾರ ಬೆಳಿಗ್ಗೆ ಎರಡು ದೊಡ್ಡ ನೀರಿನ ಕ್ಯಾನ್ ತಲುಪಿಸಿ ಬರುತ್ತೇನೆ. ದೊಡ್ಡ ಕೆಲಸವೇನಲ್ಲ. ಮೊದಲ ಸಲ ಹೋದಾಗ ಶಹಾಪುರದ ಕಡೆಯ ಒಬ್ಬ ಅಜ್ಜ "ಯಾವೂರ್ರೀ ನಿಮ್ದು?" ಅಂದ. ಸುರಪುರ ಅಂದೆ. "ಹಂಗಾರ ಕೂಡ್ರಿ, ಚಾ ಕುಡ್ಯೋಣಂತ" ಅಂದ.

ಮುಂದಿನ ತಿಂಗಳು, ನಮ್ಮ ಕೆನರಾ ಕರಾವಳಿಯಲ್ಲಿ ಊರೂರು ತಿರುಗಿ ಕೊನೆಗೆ ಶ್ರೀಲಂಕಾದಲ್ಲಿ ಬದುಕು ಸವೆಸಿದ ಗೋವಾದ ಸಂತ ಜೋಸೆಫ್ ವಾಜ್ ಅವರ ಬಗ್ಗೆ ಬರೆಯುವ ಆಸೆ ಇದೆ. ಅಲ್ಲಿಯವರೆಗೆ ನಮಸ್ಕಾರ.